ಹೊರ್ತಿಯ ಗುಳ್ಳವ್ವ

ವಿಜಯಪುರದಿಂದ ಸೊಲ್ಲಾಪುರದ ಕಡೆ ಹೊರಟ ಬಸ್ಸಿನಲ್ಲಿ ಹೊರ್ತಿಗೆ ಟಿಕೆಟ್ ಕೇಳಿದರೆ ಕಂಡಕ್ಟರ್ ತಲೆ ಎತ್ತಿ ನೋಡುವುದೂ ಇಲ್ಲ. ರೇವಣಸಿದ್ಧೇಶ್ವರನ ಗುಡಿಗೆ ಹೊರಟವರು ಎಂದುಕೊಂಡು ಚೀಟಿ ಹರಿದು ಕೊಡುತ್ತಾನೆ. ಇಂಡಿ ತಾಲ್ಲೂಕಿನ ಈ ಊರಿಗೆ ಹೊರಗಿನವರು ಬರುವುದು ಆ ಸಿದ್ಧನ ಸಲುವಾಗಿ, ಇಲ್ಲವೇ ಲಿಂಬೆ, ದಾಳಿಂಬೆ, ದ್ರಾಕ್ಷಿಯ ವ್ಯಾಪಾರಕ್ಕೆ. ಹೆಣ್ಣುಮಕ್ಕಳು ಕೈಯಿಂದ ಮಾಡುವುದನ್ನು ನೋಡಲು ಬಂದಿದ್ದೇನೆ ಎಂದಾಗ ಚಹಾದಂಗಡಿಯವನು ನಿಜವಾಗಿಯೂ ಗೊಂದಲಕ್ಕೆ ಬಿದ್ದ. "ರೊಟ್ಟಿ ಮಾಡ್ತಾರ್ರೀ, ಮತ್ತೇನ್ ಮಾಡ್ತಾರ?" ಎಂದ. ಅವನ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡೇ ಊರೊಳಗೆ ಹೊರಟೆ.

ಹೆದ್ದಾರಿಯ ಬದಿಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಒಂದರ ಬಂಪರಿಗೆ ಕಪ್ಪು ಹಗ್ಗ ಸುತ್ತಿ, ಲಿಂಬೆ ಮತ್ತು ಮೆಣಸಿನಕಾಯಿ ಪೋಣಿಸಿದ್ದರು. ಇಂಡಿಯ ಲಿಂಬೆಗೆ ಈಚೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ದೃಷ್ಟಿ ತೆಗೆಯುವ ಕೆಲಸವನ್ನು ಅದು ಯಾವ ಮಾನ್ಯತೆಗೂ ಕಾಯದೆ ಮಾಡುತ್ತಲೇ ಬಂದಿದೆ. ಆ ಕಪ್ಪು ಹಗ್ಗ ಕಂಡಾಗ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ನೆನಪಾದರು. ಗುಡಿಗಳಲ್ಲಿ ಮುಡಿ ಕೊಟ್ಟವರ ಕೂದಲಿನಿಂದ ಹೊಸೆದ ಹಗ್ಗವನ್ನು ವಾಹನಗಳಿಗೆ ಕಟ್ಟುವ ರೂಢಿಯನ್ನು ಬೆಂಗಳೂರಿನ ಬೀದಿಗಳಲ್ಲಿ ಕಂಡು, ಅಂಥ ಹಗ್ಗವನ್ನು ಸುಮಾರು ನಾಲ್ಕು ಕಿಲೋಮೀಟರಿನಷ್ಟು ಬಳಸಿ, ಅದಕ್ಕೆ ಕಾರುಗಳ ಉಕ್ಕಿನ ಬಂಪರ್‌ಗಳನ್ನು ತೂಗುಹಾಕಿ ಅವರು ಮಾಡಿದ 'ಬಿಹೋಲ್ಡ್' 2009ರ ವೆನಿಸ್ ಬಿನಾಲೆಯಲ್ಲಿತ್ತು. ಉಕ್ಕಿನ ಭಾರವನ್ನು ಕೂದಲು ಹೊತ್ತಿರುತ್ತದೆ, ಅಷ್ಟೇ. ವೆನಿಸ್ಸಿನಲ್ಲಿ ಜನ ಅದರ ಮುಂದೆ ನಿಂತರು. ಇಲ್ಲಿ ಡ್ರೈವರ್ ಅದರ ಪಕ್ಕದಲ್ಲಿ ನಿಂತು ಹಲ್ಲುಜ್ಜುತ್ತಿದ್ದ.

ಗುಡಿ ಊರಿನ ದೊಡ್ಡ ಗುರುತು. ಕೃಷ್ಣೆಯ ನೀರನ್ನು ಈ ಒಣಭೂಮಿಗೆ ಏರಿಸುವ ಏತ ನೀರಾವರಿ ಯೋಜನೆಗೂ ರೇವಣಸಿದ್ಧೇಶ್ವರನ ಹೆಸರೇ ಇದೆ. ಬರ ಉಂಡ ಸೀಮೆಯಲ್ಲಿ ನೀರಿಗೂ ಒಬ್ಬ ಸಿದ್ಧನ ಜಾಮೀನು ಬೇಕು. ಕೈಮುಗಿದು, ಅಂಗಾರ ಹಚ್ಚಿಕೊಂಡು ಹೊರಬಿದ್ದೆ. ಗುಡಿಯ ಬಗ್ಗೆ ಬರೆದವರು, ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಬೇಕಾದದ್ದು ಓಣಿ.

ಆಷಾಢದ ಮಂಗಳವಾರ ಅದು. ಓಣಿಯ ಅರ್ಧ ಮನೆಗಳು ಈಗ ಆರ್‌ಸಿಸಿ, ಉಳಿದವು ಮಣ್ಣಿನ ಮಾಳಿಗೆಯವು. ಹಳೆಯ ಮನೆಗಳ ಅಂಗಳಕ್ಕೆ ಬೆಳಗಿಗೆ ಸಗಣಿ ಸಾರಿಸಿದ್ದು ಆಗಲೇ ಆರಿ, ನೆಲ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತ್ತು. ಬಾಗಿ ನೋಡಿದರೆ ಅಂಗೈ ಹೋದ ದಾರಿ ಕಾಣುತ್ತದೆ: ಎಡದಿಂದ ಬಲಕ್ಕೆ ಅರ್ಧಚಂದ್ರ, ಅದರ ಮೇಲೆ ಇನ್ನೊಂದು, ಮತ್ತೊಂದು, ಹೊಸ್ತಿಲಿನತನಕ. ಒಬ್ಬೊಬ್ಬರ ಕೈಯ ಅಳತೆ ಒಂದೊಂದು ಥರ. ಅತ್ತೆ ಸಾರಿಸಿದ ನೆಲ ಯಾವುದು, ಸೊಸೆ ಸಾರಿಸಿದ್ದು ಯಾವುದು ಎಂದು ಓಣಿಯವರು ಹೇಳಬಲ್ಲರು. ಗೋಡೆಗೆ ತಟ್ಟಿದ ಕುಳ್ಳುಗಳ ಮೇಲೆ ಐದು ಬೆರಳೂ ಮೂಡಿದ್ದವು. ಹಿತ್ತಲಲ್ಲಿ ಕುಳ್ಳಿನ ಬಣವೆಗೆ ಮಳೆ ತಾಗದಂತೆ ಸಗಣಿ ಮೆತ್ತಿ, ಅದರ ಮೇಲೆ ಬೆರಳಿನಿಂದಲೇ ಬಳ್ಳಿ ಎಳೆದಿದ್ದರು. ಒಲೆಗೆ ಹೋಗುವ ಕುಳ್ಳಿಗೆ ಬಳ್ಳಿ ಯಾಕೆ? ಕೇಳಿದೆ. "ಬರೇ ಮೆತ್ತಿದ್ರ ಬೋಳ ಕಾಣ್ತದ್ರೀ," ಎಂದಳು ಸೊಸೆ. ಕಲೆಯ ಹುಟ್ಟಿನ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳು ಇದಕ್ಕಿಂತ ಹೆಚ್ಚಿನದನ್ನು ಹೇಳಿದ ನೆನಪಿಲ್ಲ.

ಶೀಲಾ ಗೌಡ ಮೊದಲು ಚಿತ್ರ ಬರೆಯುತ್ತಿದ್ದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಎಲ್ಲ ಆದ ಮೇಲೆ, 1992ರ ಡಿಸೆಂಬರಿನ ನಂತರ ಕೋಮುಗಲಭೆಗಳಲ್ಲಿ ದೇಶ ಹೊತ್ತಿ ಉರಿದ ದಿನಗಳಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಹೆಂಗಸರ ಕೈಯಲ್ಲಿ ದಿನವೂ ಓಡಾಡುವ, ಪವಿತ್ರವೂ ಹೌದು ತಿಪ್ಪೆಯದೂ ಹೌದು ಎನ್ನುವ ವಸ್ತು. ಸಗಣಿಯ ಇಟ್ಟಿಗೆಗಳ ನಡುವೆ ಕುಂಕುಮದ ಕೆಂಪು ಗೆರೆ ಹರಿಸಿದ ಅವರ 'ಮಾರ್ಟರ್ ಲೈನ್' 1996ರದು. ಇನ್ನೊಂದು ಕೃತಿಯಲ್ಲಿ ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಕುಂಕುಮ ಮತ್ತು ಅಂಟಿನಲ್ಲಿ ತೋಯಿಸಿ, ಕರುಳಿನಂಥ ಕೆಂಪು ಹಗ್ಗ ಮಾಡಿ ಕೋಣೆಯ ತುಂಬ ಬಿಟ್ಟಿದ್ದಾರೆ; ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ಚುಚ್ಚಲು ಕಾಯುತ್ತಿರುತ್ತದೆ. ಮನೆಗೆಲಸ, ನೋವು, ಪೂಜೆ ಮೂರನ್ನೂ ಒಂದೇ ಎಳೆಯಲ್ಲಿ ಹೊಸೆಯುವುದು ಹೇಗೆ ಎಂದು ಆಕೆ ಕಲಿತದ್ದು ಲಂಡನ್ನಿನಲ್ಲಿ ಎಂದು ನನಗನ್ನಿಸುವುದಿಲ್ಲ.

ಗುಳ್ಳವ್ವ ತಯಾರಾಗುತ್ತಿದ್ದುದು ಓಣಿಯ ಕೊನೆಯ ಮನೆಯಲ್ಲಿ. ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಉತ್ತರ ಕರ್ನಾಟಕದ ಹುಡುಗಿಯರು ಮಣ್ಣು ತಂದು ಈ ದೇವಿಯನ್ನು ಮಾಡುತ್ತಾರೆ. ಎತ್ತು ಗಂಡಸರ ಹಬ್ಬ, ಒಕ್ಕಲುತನದ ಹಬ್ಬ. ಗುಳ್ಳವ್ವ ಪೂರ್ತಿ ಹುಡುಗಿಯರದು. ಪುರೋಹಿತರಿಲ್ಲ, ಮಂತ್ರವಿಲ್ಲ, ಗುಡಿಯಿಲ್ಲ. ಹಲಗೆಯ ಮೇಲೆ ಮಣ್ಣಿನ ಗುಡ್ಡೆ, ಅದಕ್ಕೊಂದು ಮುಖ, ಸುತ್ತ ಗುಲಗಂಜಿ, ಕುಸುಬಿ, ಜೋಳದ ಕಾಳುಗಳ ಒಡವೆ. ಸಂಜೆಗೆ ಆರತಿ, ಹಾಡು. ಮರುದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೋ ಹಳ್ಳಕ್ಕೋ ಹೋಗಿ ಉಂಡು, ಆಡಿ, ಗುಳ್ಳವ್ವನನ್ನು ಬಿಟ್ಟು ಬರುವುದು. ಊರಿಂದ ಊರಿಗೆ ವಿವರ ಬದಲಾಗುತ್ತದೆ. ಬಿಟ್ಟು ಬರುವುದು ಮಾತ್ರ ಎಲ್ಲ ಕಡೆ ಇದೆ.

ಮಣ್ಣು ಹದ ಮಾಡುತ್ತಿದ್ದವಳು ಎಪ್ಪತ್ತರ ಆಸುಪಾಸಿನ ಮುದುಕಿ. ಸುತ್ತ ಐದಾರು ಹುಡುಗಿಯರು, ಒಬ್ಬಳ ಮೈಮೇಲೆ ಇನ್ನೂ ಸಾಲಿಯ ಸಮವಸ್ತ್ರ. ಇಲ್ಲಿಯದು ಎರೆಮಣ್ಣು. ಹಸಿಯಿದ್ದಾಗ ಬೆಣ್ಣೆ, ಒಣಗಿದರೆ ಬಾಯಿ ಬಿಡುತ್ತದೆ. "ನೀರ ಹೆಚ್ಚಾದ್ರ ಕುಂದರಂಗಿಲ್ಲ, ಕಡಿಮಿ ಆದ್ರ ಬಿರಿತದವ್ವ. ಒಂದ ರಾತ್ರಿ ತಡದ್ರ ಸಾಕಲ್ಲ ಅಕಿ," ಎಂದು ಮುದುಕಿ ಬೂದಿ ಉದುರಿಸಿ ಮತ್ತೆ ನಾದಿದಳು. ಕುಂಬಾರರು ಮಣ್ಣನ್ನು ನೂರು ವರ್ಷ ಬಾಳಲೆಂದು ಸುಡುತ್ತಾರೆ. ಈ ಮಣ್ಣಿಗೆ ಒಂದು ರಾತ್ರಿಯ ಆಯುಷ್ಯ ಸಾಕು. ಆ ಒಂದು ರಾತ್ರಿಗಾಗಿ ಆಕೆ ಪಡುವ ಪಾಡು ಮಾತ್ರ ನೂರು ವರ್ಷದ್ದೇ.

ಮುಖಕ್ಕೆ ಬಂದಾಗ ಹುಡುಗಿಯರೆಲ್ಲ ಕೈ ಹಿಂತೆಗೆದರು. "ಆಯಿ ಮಾಡಿದ ಮೂಗ ಯಾರಿಗೂ ಬರಂಗಿಲ್ರೀ ಅಕ್ಕಾರ," ಎಂದಳು ಸಮವಸ್ತ್ರದವಳು. ಆಯಿ ಹೆಬ್ಬೆರಳು, ತೋರುಬೆರಳು ಸೇರಿಸಿ ಒಮ್ಮೆ ಚಿವುಟಿದಳು. ಮೂಗು ಬಂತು. ಎರಡು ಗುಲಗಂಜಿ ಒತ್ತಿದಳು. ಕಪ್ಪು ಚುಕ್ಕೆ ಒಳಮುಖವಾಗಿ ಒಂದಕ್ಕೊಂದು ಹತ್ತಿರವಿದ್ದುದರಿಂದ ಗುಳ್ಳವ್ವ ಯಾರನ್ನೋ ಗದರುವ ಹಾಗೆ ಕಂಡಳು. ಹುಡುಗಿಯರು ನಕ್ಕರು. ಆಯಿ ಗುಲಗಂಜಿಗಳನ್ನು ಸ್ವಲ್ಪ ತಿರುಗಿಸಿದಳು. ಗದರು ಹೋಗಿ, ಯಾವುದೋ ಮಾತು ನೆನಪಾದವಳ ಮುಖ ಬಂತು. ಆಯಿಯ ಮುಂಗೈ ಮೇಲೆ ಹಸಿರು ಹಚ್ಚೆ, ಚುಕ್ಕಿಚುಕ್ಕಿಯ ತೊಟ್ಟಿಲು. ಮದುವೆಗೆ ಮುಂಚೆ ಕೊರವರ ಹೆಣ್ಣುಮಗಳೊಬ್ಬಳು ಜೋಳ ಇಸಿದುಕೊಂಡು ಚುಚ್ಚಿದ್ದಂತೆ. ಸತ್ತಾಗ ಜೊತೆಗೆ ಬರುವ ಒಡವೆ ಅದೊಂದೇ ಎಂದಳು, ನಗುತ್ತಲೇ.

ಸಂಜೆ ಆರತಿಗೆ ಹುಡುಗಿಯರು ಎದ್ದರು, ಓಣಿಯ ಮುತ್ತೈದೆಯರು ಬಂದರು. ಅರಿಷಿಣ ಕುಂಕುಮ ಹಂಚಿದರು. ಆಯಿ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕುಳಿತಳು. ಗಂಡ ಹೋಗಿ ಬಹಳ ವರ್ಷವಾಗಿದೆ. ಯಾರೂ ಹೋಗು ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ನೀವೂ ಒಮ್ಮೆ ಆರತಿ ಎತ್ತಬಹುದಲ್ಲ ಎಂದು ಮೆಲ್ಲಗೆ ಕೇಳಿದೆ. "ನಂದೇನದವ್ವ, ಹುಡುಗ್ಯಾರು ಎತ್ತಲಿ," ಎಂದಳು. ಅಷ್ಟು ಹೊತ್ತು ಮಣ್ಣಲ್ಲಿದ್ದ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು.

ಹಳ್ಳಿಯ ಹೆಂಗಸರ ಕಲೆ, ಭೂಮಿತಾಯಿ, ಹೆಣ್ಣು ಮತ್ತು ನಿಸರ್ಗದ ನಂಟು ಎಂದೆಲ್ಲ ಪಟ್ಟಣದಲ್ಲಿ ಕುಳಿತು ಬರೆಯುವ ನಾವು ಈ ಅಡುಗೆಮನೆಯ ಬಾಗಿಲನ್ನು ಬಿಟ್ಟು ಬರೆಯುತ್ತೇವೆ. ಗುಳ್ಳವ್ವನಿಗೆ ಮೂಗು ಕೊಟ್ಟ ಕೈ ಗುಳ್ಳವ್ವನಿಗೆ ಆರತಿ ಎತ್ತುವಂತಿಲ್ಲ. ಇದೇ ಹೆಣ್ಣುದೇವಿಯ ಹಬ್ಬದಲ್ಲಿ, ಗಂಡಸರು ಒಬ್ಬರೂ ಇಲ್ಲದ ಪಡಸಾಲೆಯಲ್ಲಿ, ಹೆಂಗಸರೇ ಕಾಯುತ್ತಿರುವ ಕಟ್ಟಳೆ ಇದು. ಈ ಸೀಮೆಯಲ್ಲೇ ಬಾಗೇವಾಡಿಯ ಬಸವಣ್ಣ ಹುಟ್ಟಿದ. ಅವನಿದ್ದ ಕಲ್ಯಾಣಕ್ಕೆ ಉಡುತಡಿಯ ಅಕ್ಕಮಹಾದೇವಿ ಕೌಶಿಕನ ಅರಮನೆ ಬಿಟ್ಟು, ಉಟ್ಟದ್ದನ್ನೂ ಬಿಟ್ಟು, ಕೂದಲನ್ನೇ ಹೊದ್ದು ಬಂದಳು. ಮರ, ಗಿಳಿ, ಕೋಗಿಲೆ, ದುಂಬಿಗಳನ್ನು ತನ್ನ ಚೆನ್ನಮಲ್ಲಿಕಾರ್ಜುನನ ಸುದ್ದಿ ಕೇಳುತ್ತ ಶ್ರೀಶೈಲದ ಕದಳಿಗೆ ನಡೆದಳು. ಅಕ್ಕ ಒಡವೆ, ಕುಂಕುಮ ಬಿಟ್ಟದ್ದು ತಾನಾಗಿ. ಆಯಿಯಿಂದ ಅವನ್ನು ತೆಗೆಸಿದರು. ಹೊರಗಿನಿಂದ ನೋಡಿದರೆ ಇಬ್ಬರ ಬರಿ ಹಣೆಯೂ ಒಂದೇ ಥರ ಕಾಣುತ್ತದೆ, ಅದಕ್ಕೇ ಈ ವ್ಯತ್ಯಾಸವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಆ ಮನೆಯ ಜಗಲಿಯ ಮೇಲೆ ಕ್ಯಾಲೆಂಡರಿನ ಲಕ್ಷ್ಮಿ ಇದ್ದಳು, ರವಿವರ್ಮನ ಕಾಲದಿಂದ ಬಂದ ಅದೇ ನಿಲುವು, ಅದೇ ಕಮಲ. ಬೆಂಗಳೂರಿನ ಪುಷ್ಪಮಾಲಾ ಎನ್. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ ಸರಣಿಯಲ್ಲಿ ತಾವೇ ಆ ಲಕ್ಷ್ಮಿಯ ವೇಷ ಹಾಕಿ ನಿಂತಿದ್ದಾರೆ. ಪರದೆ, ಅಟ್ಟೆ, ದಾರ ಎಲ್ಲ ಕಾಣುವಂತೆ. ದೇವಿ ಎಂದು ನಾವು ಪೂಜಿಸುವ ಹೆಣ್ಣು ಹೇಗೆ ತಯಾರಾದಳು ಎಂಬುದರ ಹಿಂಬದಿ ಅದು. ಹೊರ್ತಿಯ ಹುಡುಗಿಯರಿಗೆ ಆ ಗುಟ್ಟು ಹೊಸದಲ್ಲ. ದೇವಿಯ ಮೂಗನ್ನು ಚಿವುಟಿ ಮಾಡಿದ್ದನ್ನು ಕಣ್ಣಾರೆ ಕಂಡು, ಎರಡು ತಾಸಿನ ಮೇಲೆ ಅದಕ್ಕೇ ಕೈಮುಗಿಯುವುದು ಅವರಿಗೆ ಬರುತ್ತದೆ.

ಮರುದಿನ ಬೇವಿನ ಕಟ್ಟೆಯ ಹತ್ತಿರ ಕೌದಿ. ನಾಲ್ವರು ನಾಲ್ಕು ಮೂಲೆಗೆ ಕುಳಿತು ಹೊಲಿಯುತ್ತಿದ್ದರು. ಒಳಗೆ ಹಳೆಯ ಧೋತರ, ಸವೆದ ಇಲಕಲ್ ಸೀರೆಗಳ ಪದರ. ಮೇಲೆ ತುಂಡುಗಳ ಜೋಡಣೆ. ಖಣದ ಕುಪ್ಪಸದ ತೋಳು, ಮಗನ ಸಾಲಿ ಅಂಗಿ, ಯಾರದೋ ಮದುವೆಯಲ್ಲಿ ಆಹೇರು ಬಂದ ಜಂಪರ್ ಪೀಸು. ಹೊಲಿಗೆ ಅಂಚಿನಿಂದ ಶುರುವಾಗಿ ಒಳಗೊಳಗೆ ಸುತ್ತುತ್ತ ಬಂದು ನಡುವೆ ಮುಗಿಯುತ್ತದೆ. ಒಬ್ಬಾಕೆ ಒಂದು ಕೆಂಪು ತುಂಡನ್ನು ಬೆರಳಲ್ಲಿ ಮುಟ್ಟಿ, "ಇದು ನಮ್ಮವ್ವನ ದಂಡಿ ಸೀರಿ" ಎಂದಳು. ಉಳಿದವರು ಹೊಲಿಗೆ ನಿಲ್ಲಿಸದೆಯೇ ಆ ಮದುವೆಯ ಕಥೆ ಹೇಳಿದರು. ಊಟಕ್ಕೆ ಹುಗ್ಗಿ ಸಾಲದೆ ಆದ ಜಗಳದ ತನಕ.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಹತ್ತಿಯ ತೋಟಗಳಲ್ಲಿ ಗುಲಾಮರಾಗಿ ದುಡಿದವರ ಸಂತತಿಯ ಕಪ್ಪು ಹೆಂಗಸರು ಅಲ್ಲಿ ಕೆಲಸದ ಬಟ್ಟೆಗಳ ಚಿಂದಿಯಿಂದ ಕೌದಿ ಹೊಲಿಯುತ್ತಾರೆ. 2002ರಲ್ಲಿ ಆ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು. ಹೊಲಿದವರ ಹೆಸರುಗಳನ್ನೂ ಬರೆದು ಹಾಕಿದರು. 2006ರಲ್ಲಿ ಅಂಚೆಚೀಟಿಯೂ ಬಂತು. ನಾನು ಇದನ್ನು ಹೇಳಿದಾಗ ಕಟ್ಟೆಯ ಮೇಲಿನವರು ಕೇಳಿದ ಮೊದಲ ಪ್ರಶ್ನೆ, "ಗ್ವಾಡಿಗಿ ಹಾಕಿದ್ರ ಹೊಚಗೊಳ್ಳಾಕ ಏನ್ ಮಾಡ್ತಾರ?" ಎರಡನೆಯದು, "ಎಷ್ಟ ರೊಕ್ಕ ಕೊಟ್ರಂತ?" ಎರಡೂ ಸರಿಯಾದ ಪ್ರಶ್ನೆಗಳು, ಅದೂ ಅದೇ ಕ್ರಮದಲ್ಲಿ. ಇವರು ಬೇರೆಯವರಿಗೆ ಹೊಲಿದುಕೊಟ್ಟಾಗ ಕೂಲಿಯ ಲೆಕ್ಕ ಹಾಕುವುದು ಕೌದಿಯ ಅಗಲದ ಮೇಲೆ. ಬಣ್ಣ ಹೊಂದಿಸಿದ ಕಣ್ಣಿಗೆ ಲೆಕ್ಕವಿಲ್ಲ.

ಹೆಸರಿನ ಮಾತು ಬಂದದ್ದರಿಂದ ಹಲಸಂಗಿಯನ್ನು ನೆನೆಯಲೇಬೇಕು. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣ ತಾಲ್ಲೂಕಿಗೆ ಸೇರಿದ ಆ ಊರು ಹೊರ್ತಿಯಿಂದ ದೂರವಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಬೀಸುಕಲ್ಲಿನ ಮುಂದೆ ಹುಟ್ಟಿದ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಅದರ ಹಿಂದೆ ಬಂದವು. ತವರಿನ ಹಂಬಲ, ಮಕ್ಕಳಿಲ್ಲದ ಸಂಕಟ, ಮಳೆಯ ದಾರಿ ನೋಡುವುದು, ಬೀಸುವ ಕಲ್ಲನ್ನೇ ತಾಯಿಯೆಂದು ಕರೆಯುವುದು, ಎಲ್ಲವೂ ಮೂರು ಸಾಲಿನಲ್ಲಿ. ಕನ್ನಡದ ದೊಡ್ಡ ಕವಿಗಳು ಆ ತ್ರಿಪದಿಗಳ ಮುಂದೆ ತಲೆಬಾಗಿದರು. ಮಧುರಚೆನ್ನರಂತೂ ಅರವಿಂದರ ಹಾದಿ ಹಿಡಿದ ಸಾಧಕ. ಅವರ 'ನನ್ನ ನಲ್ಲ'ದಲ್ಲಿ ಗಂಡಸಿನ ಆತ್ಮವೇ ಹೆಣ್ಣಾಗಿ ದೇವರಿಗೆ ಕಾಯುತ್ತದೆ. ಗರತಿಯರ ದನಿಯನ್ನು ಅಷ್ಟು ವರ್ಷ ಕೇಳಿದ ಕಿವಿಗೆ ಅದು ಸಹಜವಾಗಿಯೇ ಒಲಿದಿರಬೇಕು.

ಗೆಳೆಯರ ಋಣ ದೊಡ್ಡದು. ಆದರೂ ಒಂದು ಮಾತು ಹೇಳಬೇಕು. ಅವರಿಂದ ಉಳಿದದ್ದು ಬಾಯಿಯಿಂದ ಬಂದದ್ದು. ಕೈಯಿಂದ ಬಂದದ್ದನ್ನು ಹಾಗೆ ಊರೂರು ಅಲೆದು ಕೂಡಿಸಿದವರು ನನಗೆ ಗೊತ್ತಿಲ್ಲ. ಹಾಡಿದವಳ ಹೆಸರು ಹೋದರೂ ಹಾಡು ಪುಸ್ತಕದಲ್ಲಿದೆ. ಗುಳ್ಳವ್ವನ ಮೂಗು, ಬಣವೆಯ ಬಳ್ಳಿ, ದೀಪಾವಳಿಯಲ್ಲಿ ಸಗಣಿಯಿಂದ ಮಾಡಿ ಹೊಸ್ತಿಲಲ್ಲಿ ಸಾಲಾಗಿ ಕೂಡಿಸುವ ಪಾಂಡವರು, ಇವು ಹೆಸರಿನ ಜೊತೆ ತಾವೂ ಹೋಗುತ್ತವೆ. ವಿಜಯಪುರದ ಹೊರಗೆ ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ. 2003ರಲ್ಲಿ ಶುರುವಾದ ಅದಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಟ್ಟರು. ಅಲ್ಲೊಂದು ಕೋಣೆಯಲ್ಲಿ ಈ ಜಿಲ್ಲೆಯ ಕೌದಿಗಳು ಹೊಲಿದವರ ಹೆಸರು, ಊರಿನ ಸಮೇತ ತೂಗಬೇಕು ಎಂಬುದು ನನ್ನ ಆಸೆ. ಗುಳ್ಳವ್ವನನ್ನು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ. ಹಳ್ಳಕ್ಕೆ ಹೋಗದ ಗುಳ್ಳವ್ವ ಗುಳ್ಳವ್ವನೇ ಅಲ್ಲ.

ಅಂದೇ, ಗುಳ್ಳವ್ವನನ್ನು ಬಿಡಲು ಹೊರಟ ಹುಡುಗಿಯರ ಹಿಂದೆ ಹೊಲಕ್ಕೆ ಹೋದೆ. ದಾರಿಯಲ್ಲಿ ಲಿಂಬಿ ತೋಟ. ಕಾಯಿ ಆಯುವ ಹೆಂಗಸರ ಮುಂಗೈ ತುಂಬ ಮುಳ್ಳಿನ ಗೀರು. ಆ ಗೀರುಗಳ ಮೇಲೆ ಲಿಂಬೆಯ ರಸ ಬಿದ್ದರೆ ಏನಾಗುತ್ತದೆ ಎಂದು ಯಾರೂ ನನಗೆ ವಿವರಿಸಬೇಕಿರಲಿಲ್ಲ. ಹುಡುಗಿಯರು ಬನ್ನಿಗಿಡದ ನೆರಳಿಗೆ ಬುತ್ತಿ ಬಿಚ್ಚಿದರು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಈ ಗಿಡದ ಬುಡದಲ್ಲೇ ಎಳ್ಳ ಅಮಾವಾಸ್ಯೆಗೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ ಪೂಜೆ ಮಾಡಿ, ಬಿಳಿಜೋಳದ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಬೆಳೆ ಹೊಡೆ ಬಿಚ್ಚುವ ಕಾಲ. ಬಸುರಿಗೆ ಬಯಕೆಯ ಊಟ ಕೊಟ್ಟ ಹಾಗೆ ಭೂಮಿಗೆ ಕಡಬು, ಹೋಳಿಗೆ, ಭಜ್ಜಿ. ಅಡುಗೆ ಪೂರಾ ಹೆಂಗಸರದು, ಚೆಲ್ಲುವವರು ಸಾಮಾನ್ಯವಾಗಿ ಗಂಡಸರು.

ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಅನಾ ಮೆಂಡಿಯೆಟಾ 1973ರಿಂದ ಕೆಲವು ವರ್ಷ ಅಯೋವಾ, ಮೆಕ್ಸಿಕೋಗಳ ಮಣ್ಣಿನಲ್ಲಿ ತನ್ನ ಮೈಯ ಆಕಾರವನ್ನು ಕೊರೆದು, ಅದಕ್ಕೆ ಹೂ ತುಂಬಿ, ಬೆಂಕಿ ಇಟ್ಟು, ನೀರು ನುಗ್ಗಲು ಬಿಟ್ಟಳು. ಉಳಿದಿರುವುದು ಫೋಟೊಗಳು. ಹೆಣ್ಣು, ಭೂಮಿ, ದೈವ ಎಂದರೆ ಜಗತ್ತಿನ ಕಲಾಶಾಲೆಗಳಲ್ಲಿ ಮೊದಲು ತೋರಿಸುವ ಚಿತ್ರಗಳು ಅವು. ಅವಳ ಕೆಲಸ ನನಗೆ ಇಷ್ಟ, ಅದರಲ್ಲಿನ ಒಂಟಿತನ ಮಾತ್ರ ಕೊರೆಯುತ್ತದೆ. ತಾಯ್ನಾಡಿನಿಂದ ಹುಡುಗಿಯಾಗಿದ್ದಾಗಲೇ ಬೇರ್ಪಟ್ಟವಳು ಮಣ್ಣನ್ನು ಒಬ್ಬಳೇ ಹುಡುಕಿಕೊಂಡು ಹೋದಳು. ಹೊರ್ತಿಯ ಹುಡುಗಿಯರಿಗೆ ಮಣ್ಣು ಹುಡುಕುವ ಗರಜಿಲ್ಲ, ಅದು ಉಗುರಿನಲ್ಲೇ ಇದೆ. ಅವರಿಗೆ ಬೇಕಿರುವುದು ಬೇರೆ. ಸಮವಸ್ತ್ರದ ಹುಡುಗಿಗೆ ಪಿಯುಸಿ ಓದಲು ಇಂಡಿಗೆ ಹೋಗಬೇಕು. ಮನೆಯಲ್ಲಿ ಇನ್ನೂ ಹೂಂ ಅಂದಿಲ್ಲ. "ಈ ವರ್ಷ ಗುಳ್ಳವ್ವಗ ಅದನ್ನ ಕೇಳ್ಕೊಂಡೀನ್ರೀ," ಎಂದಳು. ಗುಳ್ಳವ್ವ ಒಳ್ಳೆಯ ಗಂಡ ಕೊಡುವ ದೇವಿ ಎಂದು ದೊಡ್ಡವರು ಹೇಳಿದ್ದನ್ನು ಇವಳು ಹೀಗೆ ತಿದ್ದಿಕೊಂಡಿದ್ದಾಳೆ.

ಹಳ್ಳದಲ್ಲಿ ಮೊಳಕಾಲು ನೀರಿತ್ತು. ಗುಳ್ಳವ್ವನ ಮೇಲಿನ ಗುಲಗಂಜಿಗಳನ್ನು ಕಿತ್ತು ಡಬ್ಬಿಗೆ ಹಾಕಿಕೊಂಡರು, ಮುಂದಿನ ಮಂಗಳವಾರಕ್ಕೆ ಬೇಕಲ್ಲ. ಮೂಗಿಗೆ ಮೊದಲು ನೀರು ಸೋಕಿತು. ಹುಡುಗಿಯರು ಆಗಲೇ ದಂಡೆಗೆ ಬಂದು ಕುಂಟಲಪಿ ಆಡುತ್ತಿದ್ದರು.

ಹೊರ್ತಿಗೆ ಹೋಗುವವರು ವಿಜಯಪುರದಿಂದ ಸೊಲ್ಲಾಪುರ ಅಥವಾ ಝಳಕಿ ಕಡೆಯ ಬಸ್ಸು ಹಿಡಿಯಬೇಕು. ಒಂದು ತಾಸಿನ ದಾರಿ. ಗುಳ್ಳವ್ವನನ್ನು ನೋಡಲು ಆಷಾಢದ ಮಂಗಳವಾರ, ಪಾಂಡವರಿಗೆ ದೀಪಾವಳಿ, ಚರಗಕ್ಕೆ ಎಳ್ಳ ಅಮಾವಾಸ್ಯೆ. ಕೌದಿ ಹೊಲಿಯುವುದು ಬೇಸಿಗೆಯಲ್ಲಿ ಹೆಚ್ಚು, ಹೊಲದ ಕೆಲಸ ಕಡಿಮೆ ಇರುವಾಗ. ಕೊಳ್ಳುವುದಾದರೆ ಅಗಲ ಅಳೆದು ಚೌಕಾಸಿಗೆ ಇಳಿಯಬೇಡಿ, ಹೊಲಿದವಳ ಹೆಸರು ಕೇಳಿ ಬರೆದುಕೊಳ್ಳಿ. ಗುಡಿಯ ಮುಂದಿನ ಅಂಗಡಿಯಲ್ಲಿ ಚಹಾ ಚೆನ್ನಾಗಿರುತ್ತದೆ. ಹೆಣ್ಣುಮಕ್ಕಳು ರೊಟ್ಟಿಯಲ್ಲದೆ ಮತ್ತೇನು ಮಾಡುತ್ತಾರೆಂದು ಆ ಅಂಗಡಿಯವನಿಗೆ ಹೇಳುವಷ್ಟರಲ್ಲಿ ನನ್ನ ಬಸ್ಸು ಬಂತು. ನಿಮಗೆ ಪುರಸೊತ್ತಿದ್ದರೆ ಹೇಳಿ; ಅವನ ಹೆಗಲ ಮೇಲೆ ಮಡಚಿ ಹಾಕಿಕೊಂಡಿದ್ದದ್ದು ಕೌದಿಯೇ.